ಹೊಸ ರಕ್ತನಾಳಗಳ ಬೆಳವಣಿಗೆ: ಕಿಣ್ವಗಳ ಪಾತ್ರ

ಇರುವ ರಕ್ತನಾಳದಿಂದ ಹೊಸ ನಾಳ ಕವಲೊಡೆಯುವುದೇ ಆಂಜಿಯೋಜೆನೆಸಿಸ್. ಗಾಯ ಮಾಯಲು ನೆರವಾಗುವ ಈ ಕ್ರಿಯೆಯನ್ನೇ ಕ್ಯಾನ್ಸರ್ ಗಡ್ಡೆಯೂ ಅವಲಂಬಿಸುತ್ತದೆ ಎಂದು 1971ರಲ್ಲಿ ಜೂಡಾ ಫೋಕ್‌ಮನ್ ಪ್ರತಿಪಾದಿಸಿದರು.

ಇದರಲ್ಲಿ ಪಾಲ್ಗೊಳ್ಳುವ ಕಿಣ್ವಗಳ ಹೆಸರುಗಳನ್ನಷ್ಟೇ ಉರುಹೊಡೆದರೆ ಸಾಲದು, ಸಂಕೇತ ಸಾಗುವ ಕ್ರಮ ತಿಳಿದಿರಬೇಕು. ಆಮ್ಲಜನಕ ಸಾಕಷ್ಟಿದ್ದಾಗ ಪ್ರೋಲಿಲ್ ಹೈಡ್ರಾಕ್ಸಿಲೇಸ್ ಕಿಣ್ವವು ಎಚ್‌ಐಎಫ್ ಎಂಬ ಪ್ರೋಟೀನನ್ನು ಗುರುತಿಸಿ ನಾಶಕ್ಕೆ ಒಪ್ಪಿಸುತ್ತದೆ. ಆಮ್ಲಜನಕ ತಗ್ಗಿದರೆ ಕಿಣ್ವದ ಕೆಲಸ ಕುಂದುತ್ತದೆ. ಉಳಿದುಕೊಂಡ ಎಚ್‌ಐಎಫ್, ನಾಳಗಳ ಬೆಳವಣಿಗೆಗೆ ಸಂಕೇತ ನೀಡುವ ವಿಇಜಿಎಫ್ ಎಂಬ ಪ್ರೋಟೀನಿನ ಉತ್ಪಾದನೆಯನ್ನು ಹೆಚ್ಚಿಸುತ್ತದೆ (ಆಮ್ಲಜನಕದ ಈ ಅರಿವಿನ ಸಂಶೋಧನೆಗೆ 2019ರ ವೈದ್ಯಕೀಯ ನೊಬೆಲ್: ಕೇಲಿನ್, ರಾಟ್‌ಕ್ಲಿಫ್, ಸೆಮೆಂಜಾ). ವಿಇಜಿಎಫ್ ಬಂದು ನಾಳದ ಒಳಪದರದ ಕೋಶದ ಮೇಲಿನ ವಿಇಜಿಎಫ್‌ಆರ್-2 ಗ್ರಾಹಕಕ್ಕೆ ಅಂಟಿದಾಗ, ಆ ಗ್ರಾಹಕದ್ದೇ ಟೈರೋಸಿನ್ ಕೈನೇಸ್ ಭಾಗ ಚುರುಕಾಗಿ ಫಾಸ್ಫೇಟ್ ಜೋಡಿಸುತ್ತದೆ. ಮುಂದೆ ಎಕೆಟಿ ಕಿಣ್ವ ಕೋಶವನ್ನು ಬದುಕಿಸುತ್ತದೆ, ಇಆರ್‌ಕೆ ವಿಭಜನೆಗೆ ದೂಡುತ್ತದೆ.

ವಿಇಜಿಎಫ್ ತಡೆಯುವ ಬೆವಾಸಿಜುಮ್ಯಾಬ್ ಎಂಬ ಕ್ಯಾನ್ಸರ್ ಔಷಧಕ್ಕೆ ಅಮೆರಿಕದಲ್ಲಿ 2004ರಲ್ಲಿ ಅನುಮೋದನೆ ಸಿಕ್ಕಿತು. ಅದರ ಬಯೋಸಿಮಿಲರ್ ಅನ್ನು ಬೆಂಗಳೂರಿನ ಬಯೋಕಾನ್ 2017ರಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿತು. ಸುನಿಟಿನಿಬ್ ಕೈನೇಸನ್ನೇ ತಡೆಯುವ ಔಷಧ. ಮಧುಮೇಹಿಗಳ ಅಕ್ಷಿಪಟಲದಲ್ಲಿ ದುರ್ಬಲ ನಾಳಗಳು ಬೆಳೆಯುವುದಕ್ಕೂ ವಿಇಜಿಎಫ್ ಕಾರಣ.