ಮರ ಬಿದ್ದು ಹಾನಿಗೊಂಡ ಕಟ್ಟಡ: ವಿಮೆ, ಲೆಕ್ಕಪತ್ರ ಮತ್ತು ತೆರಿಗೆ

ಹೊಸಪೇಟೆ, ಸಂಡೂರು, ಕಂಪ್ಲಿ ಭಾಗದಲ್ಲಿ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ನೀರಿಗೆ ಮೊದಲು ಗಾಳಿಯನ್ನೇ ತರುತ್ತವೆ. ಏಪ್ರಿಲ್-ಮೇ ತಿಂಗಳ ಬಿರುಗಾಳಿಗೆ ಕಂಪ್ಲಿಯ ಬಾಳೆ ತೋಟಗಳು ನೆಲಕಚ್ಚುವುದನ್ನು ಎಲ್ಲರೂ ಬಲ್ಲರು. 2024ರ ಮೇ ತಿಂಗಳ ಮಳೆಗೆ ಹಂಪಿಯ ವಿರೂಪಾಕ್ಷ ದೇವಾಲಯದ ಎದುರಿನ ಬೀದಿಯಲ್ಲಿ ಶತಮಾನಗಳನ್ನು ಕಂಡ ಸಾಲು ಮಂಟಪದ ಒಂದು ಭಾಗವೇ ಕುಸಿಯಿತು. ಹೀಗಿರುವಾಗ ಅಕ್ಕಿ ಗಿರಣಿಯ ತಗಡಿನ ಛಾವಣಿಯ ಮೇಲೆ, ವರ್ಕ್‌ಶಾಪಿನ ಶೆಡ್ಡಿನ ಮೇಲೆ ಹಳೆಯ ಬೇವಿನ ಮರವೊಂದು ಬೀಳುವುದು ಅಸಂಭವವೇನಲ್ಲ. ಅಂತಹ ಸಂದರ್ಭದಲ್ಲಿ ವರ್ತಕರು ಮತ್ತು ಸಣ್ಣ ಉದ್ಯಮಿಗಳು ಅರಿತಿರಬೇಕಾದ ಮುಖ್ಯ ಅಂಶಗಳನ್ನು ಇಲ್ಲಿ ವಿವೇಚಿಸಲಾಗಿದೆ.

ಪಾಲಿಸಿಯಲ್ಲಿ ಏನಿದೆ?

ಬ್ಯಾಂಕಿನ ಸಾಲವಿರುವ ಅನೇಕ ಘಟಕಗಳಲ್ಲಿ ವಿಮೆ ಇರುವುದು ದಾಸ್ತಾನಿಗೆ ಮಾತ್ರ, ಕಟ್ಟಡಕ್ಕೆ ಇರುವುದಿಲ್ಲ. ಇದು ಮೊದಲು ಪರಿಶೀಲಿಸಬೇಕಾದ ವಿಷಯ. ಎರಡನೆಯದು, ಯಾವ ಅಪಾಯಗಳಿಗೆ ರಕ್ಷಣೆಯಿದೆ ಎಂಬುದು. ಬಹುಕಾಲದಿಂದ ಬಳಕೆಯಲ್ಲಿರುವ ‘ಸ್ಟ್ಯಾಂಡರ್ಡ್ ಫೈರ್ ಅಂಡ್ ಸ್ಪೆಷಲ್ ಪೆರಿಲ್ಸ್’ ಪಾಲಿಸಿಯಲ್ಲಿ ಬಿರುಗಾಳಿ ಮತ್ತು ಪ್ರವಾಹದ ರಕ್ಷಣೆಯನ್ನು ಪ್ರೀಮಿಯಂ ಉಳಿಸುವ ಸಲುವಾಗಿ ಕೈಬಿಡುವ ಅವಕಾಶವಿತ್ತು. ಅದರಲ್ಲಿನ ‘ಡಿಕ್ಕಿ ಹಾನಿ’ಯ ಷರತ್ತು ವಾಹನ ಮತ್ತು ಪ್ರಾಣಿಗಳಿಗಷ್ಟೇ ಸೀಮಿತ. ಆದುದರಿಂದ ಬಿರುಗಾಳಿಯ ರಕ್ಷಣೆಯನ್ನು ಕೈಬಿಟ್ಟವರಿಗೆ ಮರ ಬಿದ್ದ ಹಾನಿಗೆ ಪರಿಹಾರ ದೊರೆಯುವುದು ಕಷ್ಟ.

2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ (ಒಂದು ಸ್ಥಳದಲ್ಲಿ 5 ಕೋಟಿ ರೂ.ವರೆಗಿನ ಆಸ್ತಿಗೆ) ಮತ್ತು ‘ಭಾರತ್ ಲಘು ಉದ್ಯಮ ಸುರಕ್ಷಾ’ (50 ಕೋಟಿ ರೂ.ವರೆಗೆ) ಪಾಲಿಸಿಗಳಲ್ಲಿ ಬಿರುಗಾಳಿಯ ಜೊತೆಗೆ, ಬೀಳುವ ಮರವೂ ಸೇರಿದಂತೆ ಹೊರಗಿನ ವಸ್ತು ಬಡಿದು ಆಗುವ ಹಾನಿಗೂ ರಕ್ಷಣೆಯಿದೆ. ನವೀಕರಣದ ವೇಳೆ ತಮ್ಮಲ್ಲಿರುವ ಪಾಲಿಸಿ ಯಾವುದು ಎಂಬುದನ್ನು ಓದಿ ತಿಳಿಯುವುದು ಅಗತ್ಯ.

ಪುಸ್ತಕ ಮೌಲ್ಯವೇ ವಿಮಾ ಮೊತ್ತವಲ್ಲ

ಸಾಮಾನ್ಯವಾಗಿ ನಡೆಯುವ ಪ್ರಮಾದವೆಂದರೆ ಆಸ್ತಿ-ಋಣ ಪಟ್ಟಿಯಲ್ಲಿ ಕಾಣುವ ಮೊತ್ತಕ್ಕೇ ಕಟ್ಟಡವನ್ನು ವಿಮೆ ಮಾಡಿಸುವುದು. ಉದಾಹರಣೆಗೆ, ಹತ್ತು ವರ್ಷಗಳ ಹಿಂದೆ 20 ಲಕ್ಷ ರೂ. ವೆಚ್ಚದಲ್ಲಿ ಕಟ್ಟಿದ ಗಿರಣಿಗೆ ವರ್ಷಕ್ಕೆ ಶೇ. 10ರ ಸವಕಳಿ ಕಳೆದರೆ ಉಳಿಯುವುದು ಸುಮಾರು 7 ಲಕ್ಷ ರೂ. ಅದೇ ಕಟ್ಟಡವನ್ನು ಇಂದು ಕಟ್ಟಲು 35 ಲಕ್ಷ ರೂ. ಬೇಕೆಂದು ಭಾವಿಸೋಣ. ಮರ ಬಿದ್ದು ಆದ ನಷ್ಟ 5 ಲಕ್ಷ ರೂ. ವಿಮಾ ಮೊತ್ತ 7 ಲಕ್ಷ ರೂ. ಇರುವುದರಿಂದ ಪೂರ್ಣ 5 ಲಕ್ಷ ಬರುವುದೆಂದು ಮಾಲೀಕರು ನಂಬಿರುತ್ತಾರೆ. ಆದರೆ ಕಟ್ಟಡಕ್ಕೆ ಅದರ ಐದನೆಯ ಒಂದು ಪಾಲಿನಷ್ಟೇ ವಿಮೆಯಿರುವುದರಿಂದ ಸರಾಸರಿ ನಿಯಮದಂತೆ ದೊರೆಯುವುದು 1 ಲಕ್ಷ ರೂ. ಮಾತ್ರ, ಉಳಿದ 4 ಲಕ್ಷ ಮಾಲೀಕರ ಪಾಲಿಗೆ.

ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಗೆ ಈ ಕಡಿತವಿಲ್ಲ. ಮೇಲಿನ ಕಟ್ಟಡಕ್ಕೆ 30 ಲಕ್ಷ ರೂ. ವಿಮೆ ಇದ್ದಿದ್ದರೆ ಷರತ್ತುಗಳಿಗೆ ಒಳಪಟ್ಟು ಪೂರ್ಣ ನಷ್ಟ ಭರ್ತಿಯಾಗುತ್ತಿತ್ತು. ಆದುದರಿಂದ ಪುನರ್ನಿರ್ಮಾಣದ ವೆಚ್ಚವನ್ನು ಎಂಜಿನಿಯರರಿಂದ ಅಂದಾಜು ಮಾಡಿಸಿ ಅದಕ್ಕೆ ತಕ್ಕಂತೆ ವಿಮಾ ಮೊತ್ತವನ್ನು ನಿಗದಿಪಡಿಸಬೇಕು.

ಮರ ಬಿದ್ದ ದಿನ

ಮೊದಲು ವಿದ್ಯುತ್ ಸಂಪರ್ಕ ಕಡಿತಗೊಳಿಸಿ ಕಾರ್ಮಿಕರನ್ನು ಹೊರಗೆ ಕಳುಹಿಸಬೇಕು. ಅನಂತರ ಮರವನ್ನು ಕಡಿಯುವ ಮುನ್ನವೇ ಎಲ್ಲ ದಿಕ್ಕಿನಿಂದ ಛಾಯಾಚಿತ್ರ ತೆಗೆದು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಒಳಗಿನ ಸರಕನ್ನು ಮಳೆಯಿಂದ ಕಾಪಾಡಲು ಟಾರ್ಪಾಲು ಹೊದಿಸುವುದು ಮಾಲೀಕರ ಕರ್ತವ್ಯವೇ ಆಗಿದೆ. ಆದರೆ ಸರ್ವೇಯರರು ನೋಡುವ ಮೊದಲು ಮುರಿದ ತಗಡು, ತೊಲೆಗಳನ್ನು ಗುಜರಿಗೆ ಹಾಕಬಾರದು. ಅವುಗಳ ಬೆಲೆಯನ್ನು ಕ್ಲೇಮಿನಲ್ಲಿ ಕಳೆಯಲಾಗುತ್ತದೆ. ಗಾಳಿ-ಮಳೆಯ ದಾಖಲೆಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ಥಳೀಯ ಮಾಹಿತಿ ಉಪಯುಕ್ತ.

ರಸ್ತೆಬದಿಯ ಮರವಾದರೆ ಅದರ ಕಟ್ಟಿಗೆಯನ್ನು ಅಂಗಡಿ ಮಾಲೀಕರು ಮಾರುವಂತಿಲ್ಲ. ಸ್ಥಳೀಯ ಸಂಸ್ಥೆ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು. ಇನ್ನೂ ಬೀಳದೆ ಅಪಾಯಕಾರಿಯಾಗಿ ವಾಲಿರುವ ಮರವನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷ ಅಧಿಕಾರಿಯ ಅನುಮತಿ ಕೋರಬೇಕು. ಈ ಅರ್ಜಿಯ ಪ್ರತಿಗೆ ಮತ್ತೊಂದು ಪ್ರಯೋಜನವಿದೆ. ರಸ್ತೆಬದಿಯ ಮರದ ಕೊಂಬೆ ಬಿದ್ದು ಸ್ಕೂಟರ್ ಸವಾರರೊಬ್ಬರು ಮೃತಪಟ್ಟ ಪ್ರಕರಣದಲ್ಲಿ ದೆಹಲಿ ಮಹಾನಗರ ಪಾಲಿಕೆಯೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ತೀರ್ಪಿತ್ತಿತು. ಮರದ ದುಃಸ್ಥಿತಿ ಮೊದಲೇ ತಿಳಿಸಲ್ಪಟ್ಟಿತ್ತೆಂಬ ದಾಖಲೆ ಹೊಣೆಗಾರಿಕೆಯ ಪ್ರಶ್ನೆಯಲ್ಲಿ ಬಹಳ ಮುಖ್ಯವಾಗುತ್ತದೆ. ಸ್ವಂತ ಆವರಣದ ಟೊಳ್ಳು ಮರ ನೆರೆಯವರ ಕಟ್ಟಡದ ಮೇಲೆ ಬಿದ್ದರೂ ಇದೇ ತತ್ತ್ವ ಅನ್ವಯಿಸುತ್ತದೆಂಬುದನ್ನು ಮರೆಯಬಾರದು.

ಹಂಪಿಯ ಸಂರಕ್ಷಿತ ಸ್ಮಾರಕಗಳಿಂದ 100 ಮೀಟರ್‌ವರೆಗಿನ ನಿಷೇಧಿತ ವಲಯ ಹಾಗೂ ಅದರಾಚೆಯ 200 ಮೀಟರ್ ನಿಯಂತ್ರಿತ ವಲಯದಲ್ಲಿರುವ ಕಟ್ಟಡಗಳ ದುರಸ್ತಿಗೂ ಪೂರ್ವಾನುಮತಿ ಬೇಕು. ಈ ಕಾರಣದಿಂದಾಗುವ ವಿಳಂಬವನ್ನು ವಿಮಾ ಕಂಪನಿಗೆ ಮೊದಲೇ ತಿಳಿಸುವುದು ಲೇಸು.

ಲೆಕ್ಕಪತ್ರ ಮತ್ತು ತೆರಿಗೆ

ನಮ್ಮ ಭಾಗದ ಬಿರುಗಾಳಿ ಬಹುತೇಕ ಮಾರ್ಚ್ 31ರ ನಂತರ ಬೀಸುತ್ತದೆ. ಆಗ ಹಿಂದಿನ ವರ್ಷದ ಲೆಕ್ಕಗಳು ಇನ್ನೂ ಅಂತಿಮಗೊಂಡಿರುವುದಿಲ್ಲ. ಹಾಗೆಂದು ಮೇ ತಿಂಗಳ ನಷ್ಟವನ್ನು ಹಿಂದಿನ ವರ್ಷದ ಲಾಭದಲ್ಲಿ ಕಳೆಯಲಾಗದು. ಲೆಕ್ಕಪತ್ರ ಮಾನದಂಡ 4ರ ಪ್ರಕಾರ ಅದು ಹೊಸ ವರ್ಷದ ಘಟನೆ. ನಷ್ಟ ದೊಡ್ಡದಾಗಿದ್ದರೆ ಅದನ್ನು ಪ್ರಕಟಿಸಬೇಕಷ್ಟೇ. ವಿಮಾ ಹಣವನ್ನು ಬರುವುದು ಖಚಿತವಾಗುವವರೆಗೆ ಆದಾಯವೆಂದು ತೋರಿಸಬಾರದು. ದುರಸ್ತಿ ವೆಚ್ಚವನ್ನು ಖರ್ಚೆಂದು ಬರೆದು, ಅದಕ್ಕೆ ಬಂದ ವಿಮಾ ಹಣವನ್ನು ನೇರವಾಗಿ ಬಂಡವಾಳ ಖಾತೆಗೆ ಜಮಾ ಮಾಡುವುದೂ ತಪ್ಪು.

ಜಿಎಸ್‌ಟಿಯಲ್ಲಿ ಎರಡು ಅಂಶಗಳು ಗಮನಾರ್ಹ. ಮಳೆಗೆ ಸಿಕ್ಕಿ ನಾಶವಾದ ಸರಕಿನ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅನ್ನು ಹಿಂದಿರುಗಿಸಬೇಕು. ಆದ್ದರಿಂದ ಕ್ಲೇಮು ಸಲ್ಲಿಸುವಾಗ ಆ ತೆರಿಗೆಯನ್ನೂ ನಷ್ಟದಲ್ಲಿ ಸೇರಿಸಿ ಕೇಳುವುದು ಉಚಿತ. ಕಟ್ಟಡದ ದುರಸ್ತಿಯನ್ನು ಕಟ್ಟಡದ ಮೌಲ್ಯಕ್ಕೆ ಸೇರಿಸಿ ಬಂಡವಾಳ ವೆಚ್ಚವೆಂದು ಬರೆದರೆ ಆ ಮಟ್ಟಿಗೆ ಕ್ರೆಡಿಟ್ ಸಿಗುವುದಿಲ್ಲ. ಖರ್ಚೆಂದು ಬರೆದ ನಿಜವಾದ ದುರಸ್ತಿಗೆ ಈ ನಿರ್ಬಂಧವಿಲ್ಲ.

ಪ್ರತಿ ವರ್ಷ ಫೆಬ್ರವರಿ ತಿಂಗಳಲ್ಲಿಯೇ ಪಾಲಿಸಿಯ ಷರತ್ತು, ಕಟ್ಟಡದ ವಿಮಾ ಮೊತ್ತ ಮತ್ತು ಆವರಣದ ಸುತ್ತಲಿನ ಮರಗಳು, ಈ ಮೂರನ್ನೂ ಪರಿಶೀಲಿಸುವ ರೂಢಿಯನ್ನು ವರ್ತಕ ಬಾಂಧವರು ಬೆಳೆಸಿಕೊಂಡಲ್ಲಿ ಭರಣಿ ಮಳೆಯ ವೇಳೆಗೆ ಅಗತ್ಯ ತಿದ್ದುಪಡಿಗಳಿಗೆ ಸಾಕಷ್ಟು ಕಾಲಾವಕಾಶವಿರುತ್ತದೆ.