ಫ್ರಿಜ್ಜಿನೊಳಗಿನ ಒಲೆ

ತಂಪು ಮಾಡುವುದಕ್ಕೆಂದೇ ನಿರ್ಮಿತವಾದ ಯಂತ್ರದ ಹೊಟ್ಟೆಯಲ್ಲಿ ಒಂದು ಒಲೆಯಿದೆ ಎಂದರೆ ಮೊದಲ ಸಲ ಕೇಳಿದವರಿಗೆ ನಗು ಬಂದೀತು. ಆದರೆ ಮಾತು ನಿಜ. ಮಂಜು ತಾನಾಗಿ ಕರಗುವ ಬಗೆಯ ರೆಫ್ರಿಜರೇಟರುಗಳಲ್ಲಿ, ಅಂದರೆ ಬಳಕೆಯ ಮಾತಿನಲ್ಲಿ ಫ್ರಿಜ್ಜು ಎನ್ನಿಸಿಕೊಳ್ಳುವ ಪೆಟ್ಟಿಗೆಗಳಲ್ಲಿ, ಎಲ್ಲಕ್ಕಿಂತ ತಣ್ಣಗಿರುವ ಭಾಗದ ಮಗ್ಗುಲಲ್ಲಿಯೇ ವಿದ್ಯುತ್ತಿನಿಂದ ಕಾಯುವ ಹೀಟರೊಂದನ್ನು ಜೋಡಿಸಿರುತ್ತಾರೆ. ಈ ಒಲೆ ಉರಿಯದೆ ಹೋದರೆ ಫ್ರಿಜ್ಜು ತಂಪು ಮಾಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಇದು ಹೇಗೆ ಸಾಧ್ಯ? ಇಂತಹ ಅನೇಕ ಫ್ರಿಜ್ಜುಗಳಲ್ಲಿ ತಂಪು ಹುಟ್ಟುವುದು ಮೇಲಿನ ಖಾನೆಯ ಹಿಂಬದಿಯ ಹಲಗೆಯ ಮರೆಯಲ್ಲಿ. ಅಲ್ಲಿ ಸುರುಳಿ ಸುರುಳಿಯಾಗಿ ಬಾಗಿಸಿದ ಕೊಳವೆಯಿದೆ. ಅದರೊಳಗೆ ದ್ರವವೊಂದು ಆವಿಯಾಗುತ್ತ ಸುತ್ತಲಿನ ಶಾಖವನ್ನು ಹೀರುತ್ತದೆ. ಒಂದು ಸಣ್ಣ ಫ್ಯಾನು ಕೊಳವೆಗಳ ನಡುವಿನಿಂದ ಗಾಳಿಯನ್ನು ಸೆಳೆದು ಮೇಲಿನ ಖಾನೆಗೂ, ಕಿರಿದಾದ ದಾರಿಯೊಂದರ ಮೂಲಕ ಕೆಳಗಿನ ಖಾನೆಗೂ ಹಂಚುತ್ತದೆ. ಬಾಗಿಲು ತೆರೆದಾಗಲೆಲ್ಲ ಹೊರಗಿನ ಗಾಳಿಯೊಡನೆ ತೇವಾಂಶವೂ ಒಳನುಗ್ಗುತ್ತದೆ. ಸೊನ್ನೆಗಿಂತ ಬಹಳ ಕೆಳಗಿನ ಉಷ್ಣತೆಯಲ್ಲಿರುವ ಕೊಳವೆಗಳನ್ನು ಮುಟ್ಟಿದೊಡನೆ ಆ ತೇವವು ಮಂಜಾಗಿ ಅಂಟಿಕೊಳ್ಳುತ್ತದೆ. ಈ ಮಂಜಿನಲ್ಲಿ ಗಾಳಿಯ ಕಣಗಳು ಸೆರೆಯಾಗಿರುವುದರಿಂದ ಅದು ಉಣ್ಣೆಯ ಕಂಬಳಿಯಂತೆ ಶಾಖವನ್ನು ತಡೆಯುತ್ತದೆ. ಬೆಳೆದಂತೆಲ್ಲ ಗಾಳಿಯ ದಾರಿಯನ್ನೂ ಮುಚ್ಚುತ್ತದೆ. ಆದುದರಿಂದ ಯಂತ್ರವು ಕೆಲವು ಗಂಟೆಗಳಿಗೊಮ್ಮೆ ತಂಪು ಮಾಡುವುದನ್ನು ನಿಲ್ಲಿಸಿ, ಹೀಟರನ್ನು ಉರಿಸಿ, ಮಂಜನ್ನು ಕರಗಿಸಿಕೊಳ್ಳುತ್ತದೆ. ಕರಗಿದ ನೀರು ನಳಿಗೆಯೊಂದರಲ್ಲಿ ಇಳಿದು ಹಿಂಬದಿಯ ತಟ್ಟೆಗೆ ಬಿದ್ದು, ಕಂಪ್ರೆಸರಿನ ಬಿಸಿಗೆ ಆರಿಹೋಗುತ್ತದೆ. ಮನೆಯವರಿಗೆ ಇದಾವುದೂ ತಿಳಿಯುವುದೇ ಇಲ್ಲ.

ಹೀಟರು ದೊಡ್ಡದೇನೂ ಅಲ್ಲ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 334 ಜೂಲ್ ಶಾಖ ಬೇಕು. ಅರ್ಧ ಕಿಲೋಗ್ರಾಂ ಮಂಜು ಸೇರಿದ್ದರೆ ಬೇಕಾಗುವುದು ಸುಮಾರು 1,67,000 ಜೂಲ್. 200 ವಾಟ್ ಸಾಮರ್ಥ್ಯದ ಹೀಟರು ಸೆಕೆಂಡಿಗೆ 200 ಜೂಲ್ ಕೊಡುವುದರಿಂದ, ಶಾಖವೆಲ್ಲ ಮಂಜಿಗೇ ಸೇರಿದರೆ, ಹದಿನಾಲ್ಕು ನಿಮಿಷಗಳಲ್ಲಿ ಕೆಲಸ ಮುಗಿದೀತು. ಕೊಳವೆಗಳೂ ಸುತ್ತಲಿನ ಗಾಳಿಯೂ ತಮ್ಮ ಪಾಲನ್ನು ಪಡೆಯುವುದರಿಂದ ವಾಸ್ತವದಲ್ಲಿ ಇನ್ನಷ್ಟು ಹೊತ್ತು ಹಿಡಿಯುತ್ತದೆ.

ಕರಾವಳಿಯ ಊರೊಂದರ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಆಷಾಢದ ಮಳೆ ಬಿಡದೆ ಸುರಿಯುತ್ತಿದೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗಿಲ್ಲ. ಆ ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಂಜುಗಡ್ಡೆ ಕಲ್ಲಿನಂತಿದೆ. ಕೆಳಗಿನ ಖಾನೆಯಲ್ಲಿ ಮಾತ್ರ ಮೊಸರು ಹುಳಿಯಾಗುತ್ತಿದೆ, ಸೊಪ್ಪು ಬಾಡುತ್ತಿದೆ. ಬಾಗಿಲಿನ ಮೇಲಿನ ಪುಟ್ಟ ಫಲಕದಲ್ಲಿ ಉಷ್ಣತೆಯ ಅಂಕಿಯ ಬದಲು ‘ಡಿ ಎಚ್’ ಎಂಬ ಎರಡು ಅಕ್ಷರಗಳು ಕಾಣಿಸಿಕೊಂಡಿವೆ. ಮೊಸರಿನ ಮಾತು ಹಾಗಿರಲಿ. ಆ ಮನೆಯ ಅಜ್ಜಿಗೆ ಸಕ್ಕರೆ ಕಾಯಿಲೆ. ಎರಡು ತಿಂಗಳಿಗೆ ಬೇಕಾದ ಇನ್ಸುಲಿನ್ ಸೀಸೆಗಳು ಕೆಳಗಿನ ಖಾನೆಯಲ್ಲಿಯೇ ಇವೆ. ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು.

ಮನೆಯ ಯಜಮಾನನಿಗೆ ಮೊದಲು ಹೊಳೆದುದು ಸೀಸೆಗಳನ್ನು ಮೇಲಿನ ಖಾನೆಗೆ ಏರಿಸುವ ಉಪಾಯ. ಹಾಗೆ ಮಾಡಿದ್ದರೆ ಔಷಧವೆಲ್ಲ ಹಾಳಾಗುತ್ತಿತ್ತು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸಲು ಯೋಗ್ಯವಲ್ಲ. ಎರಡನೆಯದು ನೀರು ತುಂಬಿದ ಮಣ್ಣಿನ ಮಡಕೆಯ ಉಪಾಯ. ಬಯಲುಸೀಮೆಯ ಒಣ ಬೇಸಗೆಯಲ್ಲಿ ಅದು ಒಳ್ಳೆಯದೇ. ಆದರೆ ಮಡಕೆಯ ಮೈಯಿಂದ ನೀರು ಆವಿಯಾದರೆ ತಾನೆ ಒಳಗೆ ತಂಪು? ಮಳೆಗಾಲದ ಕರಾವಳಿಯ ಗಾಳಿ ಮೊದಲೇ ತೇವದಿಂದ ತುಂಬಿರುತ್ತದೆ. ಫ್ರಿಜ್ಜಿನಲ್ಲಿ ಮಂಜನ್ನು ಬೆಳೆಸಿದ ತೇವವೇ ಮಡಕೆಯನ್ನೂ ಸೋಲಿಸುತ್ತದೆ. ಕೊನೆಗೆ ಸೀಸೆಗಳು ಪರಿಚಯದ ಔಷಧದಂಗಡಿಯ ಫ್ರಿಜ್ಜನ್ನು ಸೇರಿದವು.

ಮೊದಲು ಬಂದ ದುರಸ್ತಿಗಾರನು ಬಾಗಿಲು ತೆರೆದು ಕೈಯಾಡಿಸಿ, “ಗ್ಯಾಸು ಹೋಗಿದೆ, ತುಂಬಿಸಬೇಕು” ಎಂದು ದೊಡ್ಡ ಮೊತ್ತವೊಂದನ್ನು ಹೇಳಿ ಹೊರಟುಹೋದನು. ಯಜಮಾನನಿಗೆ ಅದು ಒಪ್ಪಿಗೆಯಾಗಲಿಲ್ಲ. ಯಂತ್ರದೊಡನೆ ಬಂದ ಪುಸ್ತಿಕೆಯಲ್ಲಿ ‘ಡಿ ಎಚ್’ ಎಂದರೆ ಮಂಜು ಕರಗಿಸುವ ಹೀಟರಿನ ದೋಷ ಎಂದು ಅಚ್ಚಾಗಿತ್ತು. ಅವನು ಪೇಟೆಗೆ ಹೋಗಿ ಹೊಸ ಹೀಟರೊಂದನ್ನು ಕೊಂಡು ತಂದನು.

ಎರಡನೆಯವನು ವಯಸ್ಸಾದ ಮೆಕ್ಯಾನಿಕ್. ಯಜಮಾನನು ಹೀಟರನ್ನು ಮುಂದೆ ಚಾಚಿ, “ಯಂತ್ರವೇ ಹೇಳಿದೆಯಲ್ಲ, ಇದನ್ನು ಹಾಕಿಬಿಡಿ” ಎಂದನು.

“ಹಾಕುವುದು ಕಷ್ಟವಲ್ಲ ಸ್ವಾಮಿ. ಹಳೆಯದು ಸತ್ತಿದೆಯೇ ಎಂದು ಮೊದಲು ನೋಡಬೇಡವೆ?” ಎಂದನು ಆತ.

ಆತನ ಸಂದೇಹಕ್ಕೆ ಆಧಾರವಿತ್ತು. ಫ್ರಿಜ್ಜನ್ನು ನಡೆಸುವ ಎಲೆಕ್ಟ್ರಾನಿಕ್ ಹಲಗೆಗೆ ಹೀಟರು ಕಾಣಿಸುವುದಿಲ್ಲ. ಅದು ತಿಳಿಯಬಲ್ಲುದು ಕೊಳವೆಗೆ ತಗುಲಿಸಿದ ಸೆನ್ಸರು ತಿಳಿಸುವ ಉಷ್ಣತೆಯನ್ನು ಮಾತ್ರ. ಮಂಜು ಕರಗಿಸಲು ಅಪ್ಪಣೆ ಕೊಟ್ಟು ನಿಗದಿಯಾದ ಹೊತ್ತು ಕಳೆದರೂ ಆ ಉಷ್ಣತೆ ಸೊನ್ನೆಯಿಂದ ಕೆಲವು ಡಿಗ್ರಿ ಮೇಲೇರದಿದ್ದರೆ ಹಲಗೆಯು ಆ ಅಕ್ಷರಗಳನ್ನು ಬರೆಯುತ್ತದೆ. ಶಾಖ ಬರಲಿಲ್ಲ ಎಂಬುದಷ್ಟೇ ಅದರ ವರದಿ. ಏಕೆ ಬರಲಿಲ್ಲ? ಹೀಟರಿನ ತಂತಿ ತುಂಡಾಗಿರಬಹುದು. ಅದರೊಡನೆ ಸರಣಿಯಲ್ಲಿರುವ ಉಷ್ಣ ಫ್ಯೂಸು ಕಡಿದಿರಬಹುದು. ಹಲಗೆಯ ಮೇಲಿನ ರಿಲೇ ಕೆಟ್ಟಿರಬಹುದು. ಇಲ್ಲವೆ ಸೆನ್ಸರೇ ಸುಳ್ಳು ಹೇಳುತ್ತಿರಬಹುದು. ರೋಗಿಗೆ ಜ್ವರ ಬಂದಿದೆಯೆಂದು ತಾಪಮಾಪಕವು ಹೇಳಬಲ್ಲುದು, ಯಾವ ಜ್ವರವೆಂದು ಹೇಳಲಾರದು.

ಮೆಕ್ಯಾನಿಕ್ ಪ್ಲಗ್ಗನ್ನು ಕಿತ್ತು ಹಿಂಬದಿಯ ಹಲಗೆಯನ್ನು ಬಿಚ್ಚಿದಾಗ ಕೊಳವೆಗಳು ಕಾಣಲೇ ಇಲ್ಲ; ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾದ ಬಿಳಿಯ ಗೋಡೆ. ಗ್ಯಾಸಿನ ಮಾತು ಅಲ್ಲಿಗೇ ಮುಗಿಯಿತು. ಗ್ಯಾಸು ಸೋರಿದ್ದರೆ ಮಂಜು ಸುರುಳಿಯ ಆರಂಭದ ತುದಿಯಲ್ಲಿ ಮಾತ್ರ ಕಟ್ಟುತ್ತಿತ್ತು, ಇಲ್ಲವೆ ಕಟ್ಟುತ್ತಲೇ ಇರಲಿಲ್ಲ. ಯಜಮಾನನು ಮಂಜನ್ನು ಎಬ್ಬಲು ಚೂರಿ ತಂದುದನ್ನು ಕಂಡು ಆತ ಗದರಿಯೇ ತಡೆದನು. ಕೊಳವೆ ತೆಳುವಾದ ಅಲ್ಯೂಮಿನಿಯಮ್ಮಿನದು. ಈಚಿನ ಅನೇಕ ಫ್ರಿಜ್ಜುಗಳಲ್ಲಿ ಅದರೊಳಗೆ ಹರಿಯುವುದು ಐಸೊಬ್ಯೂಟೇನ್, ಬೆಂಕಿ ಹೊತ್ತುವ ಅನಿಲ. ಬಿಸಿನೀರಿನ ಪಾತ್ರೆಗಳನ್ನು ಒಳಗಿಟ್ಟು ಬಾಗಿಲು ಮುಚ್ಚಿದರು. ನೆಲಕ್ಕೆ ಹಳೆಯ ಟವೆಲುಗಳನ್ನು ಹಾಸಿದರು. ಎರಡು ಗಂಟೆ ಕಾದುದಲ್ಲದೆ ಬೇರೆ ಕೆಲಸವಿರಲಿಲ್ಲ.

ಕೊಳವೆಗಳು ಬಯಲಾದ ಮೇಲೆ ಅಳತೆ ನಡೆಯಿತು. ಹೀಟರಿನ ಮೇಲೆ 230 ವೋಲ್ಟ್, 200 ವಾಟ್ ಎಂಬ ಬರಹವಿತ್ತು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮಗಳು ವೋಲ್ಟಿನ ವರ್ಗವನ್ನು ವಾಟಿನಿಂದ ಭಾಗಿಸಿ, ರೋಧವು ಸುಮಾರು 264 ಓಮ್ ಇರಬೇಕೆಂದು ಹೇಳಿದಳು. ಮೆಕ್ಯಾನಿಕ್ಕನ ಮಲ್ಟಿಮೀಟರು 262 ತೋರಿಸಿತು. ಹೀಟರು ಆರೋಗ್ಯವಾಗಿತ್ತು! ಸೆನ್ಸರನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿ ಅದ್ದಿ ನೋಡಿದಾಗ ಸೊನ್ನೆ ಡಿಗ್ರಿಗೆ ಇರಬೇಕಾದ ರೋಧವೇ ಬಂದಿತು. ಅಂಗೈಯಲ್ಲಿ ಹಿಡಿದೊಡನೆ ರೋಧ ಇಳಿಯಿತು. ಅದರಲ್ಲಿಯೂ ತಪ್ಪಿಲ್ಲ. ಉಷ್ಣ ಫ್ಯೂಸಿನ ಎರಡು ತುದಿಗಳಿಗೆ ಮೀಟರಿನ ಕಡ್ಡಿಗಳನ್ನು ತಗುಲಿಸಿದಾಗ ಪ್ರವಾಹ ಹರಿಯಲೇ ಇಲ್ಲ. ದೋಷ ಅಲ್ಲಿತ್ತು.

ಬೆರಳುದ್ದದ ಆ ವಸ್ತುವಿನ ಬೆಲೆ ಹೀಟರಿನ ಬೆಲೆಗಿಂತ ಎಷ್ಟೋ ಕಡಿಮೆ. ಅದು ದೊರೆಯಲು ಮರುದಿನದವರೆಗೆ ಕಾಯಬೇಕೆಂದಾಗ ಯಜಮಾನನು, “ಸದ್ಯಕ್ಕೆ ತಂತಿಯೊಂದನ್ನು ಸೇರಿಸಿಬಿಟ್ಟರಾಗದೆ?” ಎಂದು ಕೇಳಿದನು. ತಂತಿ ಸೇರಿಸಿದರೆ ಹೀಟರೇನೋ ಉರಿಯುತ್ತದೆ. ಆದರೆ ರಿಲೇ ಎಂದಾದರೂ ಸಿಕ್ಕಿಬಿದ್ದು ಹೀಟರು ಆರದೆ ಹೋದರೆ, ಪ್ಲಾಸ್ಟಿಕ್ಕು ತುಂಬಿದ ಆ ಪೆಟ್ಟಿಗೆಯನ್ನು ಬೆಂಕಿಯಿಂದ ಉಳಿಸುವುದು ಆ ಫ್ಯೂಸೊಂದೇ. ಮೆಕ್ಯಾನಿಕ್ ಒಪ್ಪಲಿಲ್ಲ.

ಮರುದಿನ ಹೊಸ ಫ್ಯೂಸನ್ನು ಹಾಕುವ ಮೊದಲು ಆತ ಹಳೆಯದು ಏಕೆ ಕಡಿಯಿತೆಂದು ಹುಡುಕಿದನು. ಹಿಂದೊಮ್ಮೆ ಯಾರೋ ರಿಪೇರಿ ಮಾಡಿದಾಗ ಫ್ಯೂಸನ್ನು ಕೊಳವೆಯ ಮೇಲಿನ ಅದರ ಸ್ಥಾನದಿಂದ ತೆಗೆದು ಹೀಟರಿಗೆ ತಾಗುವಂತೆ ಕಟ್ಟಿದ್ದರು; ಹೀಟರು ಉರಿದಾಗಲೆಲ್ಲ ಅದು ಅಕಾರಣವಾಗಿ ಬೇಯುತ್ತಿತ್ತು. ಆತ ಹೊಸದನ್ನು ಸರಿಯಾದ ಜಾಗದಲ್ಲಿ ಕೂರಿಸಿ, ಮಂಜು ಕರಗಿಸುವ ಕ್ರಮವನ್ನು ಕೈಯಾರೆ ಆರಂಭಿಸಿದನು. ಹೀಟರು ಕಾಯಿತು, ಸ್ವಲ್ಪ ಹೊತ್ತಿನಲ್ಲಿ ಹಿಂಬದಿಯ ತಟ್ಟೆಗೆ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು. ಫಲಕದ ಮೇಲಿನ ಅಕ್ಷರಗಳು ಅಳಿದವು.

ಕೆಳಗಿನ ಖಾನೆಯಲ್ಲಿ ಒಂದು ಲೋಟ ನೀರಿಟ್ಟು ಅದರಲ್ಲಿ ತಾಪಮಾಪಕವನ್ನು ನಿಲ್ಲಿಸಿದರು. ಮರುದಿನ ಬೆಳಗ್ಗೆ ಅದು 5 ಡಿಗ್ರಿ ತೋರಿಸಿದ ಮೇಲೆಯೇ ಅಜ್ಜಿಯ ಸೀಸೆಗಳು ಔಷಧದಂಗಡಿಯಿಂದ ಹಿಂತಿರುಗಿದವು. ಕೊಂಡು ತಂದ ಹೀಟರನ್ನು ಮಾತ್ರ ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ.