ಬೆಂಬಲಿತ ಉದ್ಯೋಗ: ಪ್ರೌಢಶಾಲಾ ಹಂತದಲ್ಲಿ ಪೂರ್ವಸಿದ್ಧತೆಯ ಒಂದು ಪಾಠ

ಪೀಠಿಕೆ

ಅಭ್ಯಾಸ ಬೋಧನೆಯ ಕೊನೆಯ ವಾರದಲ್ಲಿ ಒಬ್ಬ ತಾಯಿ ತರಗತಿಯ ಬಾಗಿಲಲ್ಲಿ ನಿಂತು ಕೇಳಿದರು: "ಅಕ್ಕೋರ, ಇವಂದು ಹತ್ತನೇತ್ತ ಮುಗೀತು. ಇನ್ನ ಮನ್ಯಾಗ ಕುಂದರೂದ ಏನ್ರೀ?" ಮಗನಿಗೆ ಬೌದ್ಧಿಕ ಅಸಾಮರ್ಥ್ಯವಿತ್ತು. ನನ್ನ ಪಾಠ ಯೋಜನೆಯ ಪುಸ್ತಕದಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ನಿಗದಿತ ಪ್ರಮಾಣದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ನೀಡಿದೆ. ಅದೇ ಕಾಯಿದೆ ವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಹೆಚ್ಚಿಸಿತು. ಸರ್ಕಾರಿ ನೇಮಕಾತಿಯಲ್ಲಿ ಶೇ. 4 ಮೀಸಲಾತಿ ಕೊಟ್ಟಿತು. ವೃತ್ತಿ ತರಬೇತಿ ಮತ್ತು ಸ್ವಯಂ ಉದ್ಯೋಗಕ್ಕೆ ಯೋಜನೆ ರೂಪಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. ಆದರೆ ಹದಿನೆಂಟು ತುಂಬಿದ ಹುಡುಗ ಸವಣೂರಿನ ಸಂತೆಯಲ್ಲಿ ಅಥವಾ ಹಾನಗಲ್ಲಿನ ಅಕ್ಕಿ ಗಿರಣಿಯಲ್ಲಿ ದುಡಿಯುವಂತಾಗಬೇಕಾದರೆ ಕಾಯಿದೆಯ ಜೊತೆಗೆ ಕಲಿಸುವವರೂ ಬೇಕು. ಆ ಕಲಿಸುವ ಕೆಲಸ ಶಾಲೆಯಲ್ಲಿಯೇ ಆರಂಭವಾಗಬಹುದು ಎಂಬುದು ಈ ಲೇಖನದ ಪ್ರತಿಪಾದನೆ.

ಪರಿಕಲ್ಪನೆ

ಹಳೆಯ ಕ್ರಮದಲ್ಲಿ ಮೊದಲು ತರಬೇತಿ, ಆಮೇಲೆ ಕೆಲಸ. ಮೇಣದಬತ್ತಿ, ಲಕೋಟೆ ತಯಾರಿಕೆಯನ್ನು ವರ್ಷಗಟ್ಟಲೆ ಕಲಿತವರು ಎಷ್ಟೋ ಸಲ ತರಬೇತಿ ಕೇಂದ್ರದಲ್ಲಿಯೇ ಉಳಿದುಬಿಡುತ್ತಿದ್ದರು. ಬೆಂಬಲಿತ ಉದ್ಯೋಗ ಈ ಕ್ರಮವನ್ನು ತಿರುಗಿಸುತ್ತದೆ: ಮೊದಲು ನಿಜವಾದ ಕೆಲಸದ ಸ್ಥಳ, ನಿಜವಾದ ಕೂಲಿ, ಆಮೇಲೆ ಅಲ್ಲಿಯೇ ತರಬೇತಿ. ಜಾಬ್ ಕೋಚ್ ಜೊತೆಗಿದ್ದು ಕಲಿಸುತ್ತಾರೆ, ಕ್ರಮೇಣ ಹಿಂದೆ ಸರಿಯುತ್ತಾರೆ, ಅಗತ್ಯ ಬಿದ್ದಾಗ ಮತ್ತೆ ಬರುತ್ತಾರೆ.

ಇದರ ಬೇರು ಒಂದು ಬೋಧನಾ ಪ್ರಯೋಗದಲ್ಲಿದೆ. 1970ರ ದಶಕದಲ್ಲಿ ಅಮೆರಿಕದ ಮಾರ್ಕ್ ಗೋಲ್ಡ್, ಏನನ್ನೂ ಕಲಿಯಲಾರರು ಎಂದು ಬದಿಗಿಟ್ಟಿದ್ದ ವ್ಯಕ್ತಿಗಳಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕನ್ನು ಜೋಡಿಸಲು ಕಲಿಸಿದರು. ಕೆಲಸವನ್ನು ಸಣ್ಣ ಹಂತಗಳಾಗಿ ಒಡೆದರು; ಕೆಲವರಿಗೆ ಬಿಡಿಭಾಗಗಳ ಮೇಲೆ ಬಣ್ಣದ ಗುರುತು ಹಾಕಿಕೊಟ್ಟರು. ಬಣ್ಣದ ಗುರುತು ಇದ್ದವರು ಬೇಗ ಕಲಿತರು. ಕಲಿಯುವವನು ಕಲಿಯದಿದ್ದರೆ ಕಲಿಸುವವನು ಬೇರೆ ದಾರಿ ಹುಡುಕಬೇಕು ಎಂಬುದು ಅವರ ನಿಲುವು. ಆ ದೇಶದ ಪುನರ್ವಸತಿ ಕಾಯಿದೆಯ 1986ರ ತಿದ್ದುಪಡಿಯಲ್ಲಿ ಬೆಂಬಲಿತ ಉದ್ಯೋಗ ಸೇರಿಕೊಂಡಿತು. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 27ನೆಯ ವಿಧಿ ದುಡಿಮೆಯ ಹಕ್ಕನ್ನು ಹೇಳುತ್ತದೆ.

ನಮ್ಮ ರಾಜ್ಯದಲ್ಲಿಯೂ ಉದಾಹರಣೆಗಳಿವೆ. ಬೆಂಗಳೂರಿನ ಎನೇಬಲ್ ಇಂಡಿಯಾ 1999ರಿಂದ ಈ ಕ್ಷೇತ್ರದಲ್ಲಿದೆ. ನಮ್ಮ ಜಿಲ್ಲೆಯ ಪಕ್ಕದ ಹುಬ್ಬಳ್ಳಿಯಲ್ಲಿಯೇ, ಒಂದು ಕಾಲೇಜು ಆವರಣದಲ್ಲಿ, 2017ರಲ್ಲಿ ಮಿಟ್ಟಿ ಕೆಫೆಯ ಮೊದಲ ಮಳಿಗೆ ಆರಂಭವಾಯಿತು. ಅಲ್ಲಿ ಅಡುಗೆ ಮಾಡುವವರು, ಬಡಿಸುವವರು ವಿಕಲಚೇತನರೇ.

ಸ್ಥಳೀಯ ಕೆಲಸಗಳ ಗುರುತಿಸುವಿಕೆ

ಕೆಲಸವೆಂದರೆ ಬೆಂಗಳೂರು ಎಂದು ತಿಳಿಯಬೇಕಿಲ್ಲ. ಪ್ರಶಿಕ್ಷಣಾರ್ಥಿಯು ತನ್ನ ತಾಲ್ಲೂಕಿನ ದುಡಿಮೆಯನ್ನು ಗಮನಿಸಿ ಪಟ್ಟಿ ಮಾಡಬೇಕು.

- ಹಾನಗಲ್: ಮಾವನ್ನು ಗಾತ್ರದ ಪ್ರಕಾರ ಬೇರ್ಪಡಿಸುವುದು, ಅಕ್ಕಿ ಗಿರಣಿಯಲ್ಲಿ ಚೀಲ ತುಂಬುವುದು.
- ಸವಣೂರು: ವೀಳ್ಯದೆಲೆ ಆರಿಸಿ ಕಟ್ಟುವುದು, ಖಾರ ತಯಾರಿಸುವಲ್ಲಿ ತೂಗಿ ಪೊಟ್ಟಣ ಕಟ್ಟುವುದು.
- ಶಿಗ್ಗಾಂವಿ: ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಂತಹ ಪ್ರವಾಸಿ ತಾಣಗಳ ಸುತ್ತ ತೋಟಗಾರಿಕೆ, ಸ್ವಚ್ಛತೆ, ಕ್ಯಾಂಟೀನಿನ ಕೆಲಸ.
- ಹಿರೇಕೆರೂರು: ಗೋವಿನಜೋಳದ ಬೀಜ ಆರಿಸುವುದು, ಸಸಿಗಳಿಗೆ ಮಣ್ಣಿನ ಚೀಲ ತುಂಬುವುದು.

ಪಟ್ಟಿ ಮಾಡುವಾಗ ಕೆಲಸದ ಜೊತೆಗೆ ಸ್ಥಳವನ್ನೂ ನೋಡಬೇಕು: ಸದ್ದು ಎಷ್ಟಿದೆ, ಶೌಚಾಲಯ ಎಲ್ಲಿದೆ, ಬಸ್ಸು ಎಷ್ಟು ಹೊತ್ತಿಗಿದೆ, ಕೂಲಿ ಯಾವ ದಿನ ಕೊಡುತ್ತಾರೆ. ಮುಖ್ಯವಾಗಿ, ವಿದ್ಯಾರ್ಥಿಗೆ ಯಾವ ಕೆಲಸ ಇಷ್ಟ ಎಂಬುದನ್ನು ಅವನನ್ನೇ ಕೇಳಬೇಕು.

ಮಾದರಿ ಪಾಠ: ವೀಳ್ಯದೆಲೆಯ ಕಟ್ಟು

ಉದ್ದೇಶ: ವಿದ್ಯಾರ್ಥಿಯು ನೂರು ಎಲೆಗಳ ಒಂದು ಕಟ್ಟನ್ನು ಯಾರ ಸಹಾಯವೂ ಇಲ್ಲದೆ ಸಿದ್ಧಪಡಿಸುವನು.

ಉಪಕರಣಗಳು: ಎಲೆಗಳು, ಹತ್ತು ಮನೆ ಬರೆದ ಹಲಗೆ, ಹತ್ತು ಹುಣಸೆ ಬೀಜ, ಬಟ್ಟಲು, ದಾರ, ಎರಡು ಬುಟ್ಟಿ.

ನನ್ನ ಮೊದಲ ಪಾಠದಲ್ಲಿ ಹಲಗೆಯೂ ಇರಲಿಲ್ಲ, ಬೀಜವೂ ಇರಲಿಲ್ಲ. "ನೂರು ಎಲೆ ಎಣಿಸಿ ಕಟ್ಟು" ಎಂದಷ್ಟೇ ಹೇಳಿದೆ. ಹುಡುಗ ಹನ್ನೆರಡಕ್ಕೆ ನಿಂತ. ಮೌಲ್ಯಮಾಪನದ ಕಾಲಂನಲ್ಲಿ "ಸಾಧಿಸಲಿಲ್ಲ" ಎಂದು ಬರೆದೆ. ಮಾರ್ಗದರ್ಶಕರು ಅದರ ಪಕ್ಕದಲ್ಲಿ ಕೆಂಪು ಶಾಯಿಯಿಂದ "ಯಾರು?" ಎಂದು ಬರೆದು ಪುಸ್ತಕ ಹಿಂದಿರುಗಿಸಿದರು. ಮರುದಿನ ಕೆಲಸವನ್ನು ಹೀಗೆ ಒಡೆದೆ:

1. ಒದ್ದೆ ಬಟ್ಟೆ ಹಾಸುವುದು.
2. ಹಲಗೆಯನ್ನು ಎದುರಿಗೆ, ಹತ್ತು ಬೀಜಗಳನ್ನು ಎಡಕ್ಕೆ, ಖಾಲಿ ಬಟ್ಟಲನ್ನು ಬಲಕ್ಕೆ ಇಡುವುದು.
3. ರಾಶಿಯಿಂದ ಒಂದು ಎಲೆ ತೆಗೆಯುವುದು.
4. ಹರಿದ ಅಥವಾ ಕೊಳೆತ ಎಲೆಯನ್ನು ಬೇರೆ ಬುಟ್ಟಿಗೆ ಹಾಕುವುದು.
5. ಒಳ್ಳೆಯ ಎಲೆಯ ತೊಟ್ಟನ್ನು ತನ್ನ ಕಡೆ ತಿರುಗಿಸುವುದು.
6. ಒಂದು ಮನೆಗೆ ಒಂದೇ ಎಲೆ ಇಡುವುದು.
7. ಹತ್ತೂ ಮನೆ ತುಂಬಿದಾಗ ಎಲೆಗಳನ್ನು ಒಂದರ ಮೇಲೊಂದು ಜೋಡಿಸುವುದು.
8. ಜೋಡಿಸಿದ್ದನ್ನು ಬಟ್ಟೆಯ ಮೇಲಿಟ್ಟು, ಒಂದು ಬೀಜವನ್ನು ಬಟ್ಟಲಿಗೆ ಹಾಕುವುದು.
9. ಎಡಗಡೆಯ ಬೀಜಗಳು ಮುಗಿಯುವವರೆಗೆ ಹೀಗೆಯೇ ಮಾಡಿ, ಎಲ್ಲವನ್ನೂ ಒಟ್ಟುಗೂಡಿಸುವುದು.
10. ದಾರದಿಂದ ಕಟ್ಟಿ ಬುಟ್ಟಿಯಲ್ಲಿಡುವುದು.

ಇಲ್ಲಿ ನೂರರವರೆಗೆ ಎಣಿಸುವ ಅಗತ್ಯವೇ ಇಲ್ಲ. ಮನೆ ತುಂಬಿದರೆ ಹತ್ತು, ಬೀಜ ಮುಗಿದರೆ ನೂರು. ಕೆಲಸ ಸುಲಭವಾಗಿಲ್ಲ, ಕಟ್ಟಿನಲ್ಲಿ ಎಲೆ ಕಡಿಮೆಯಾಗಿಲ್ಲ. ದಾರಿ ಮಾತ್ರ ಬದಲಾಗಿದೆ. ಕಾಯಿದೆ ಹೇಳುವ ಸೂಕ್ತ ಹೊಂದಾಣಿಕೆ ಎಂದರೆ ಇಂತಹುದೇ.

ನೆರವಿನ ಕ್ರಮ ಮತ್ತು ದಾಖಲೆ

ಪ್ರತಿ ಹಂತದಲ್ಲಿ ಕೆಲವು ಕ್ಷಣ ಕಾಯಬೇಕು. ಆಮೇಲೆ ಮಾತಿನ ಸೂಚನೆ, ಸಾಲದಿದ್ದರೆ ಸನ್ನೆ, ಅದೂ ಸಾಲದಿದ್ದರೆ ಮಾಡಿ ತೋರಿಸುವುದು, ಕೊನೆಗೆ, ವಿದ್ಯಾರ್ಥಿ ಒಪ್ಪಿದರೆ, ಕೈಹಿಡಿದು ಮಾಡಿಸುವುದು. ಯಾವ ಹಂತಕ್ಕೆ ಯಾವ ನೆರವು ಬೇಕಾಯಿತೆಂದು ತಖ್ತೆಯಲ್ಲಿ ಗುರುತಿಸಬೇಕು. ಹತ್ತರಲ್ಲಿ ಮೂರು ಹಂತ ಸ್ವತಃ ಮಾಡಿದರೆ ಶೇ. 30. ಆದರೆ ಶೇಕಡಾವಾರಿಗಿಂತ ಹೆಚ್ಚಿನ ಮಾಹಿತಿ ಹಂತವಾರು ಗುರುತಿನಲ್ಲಿರುತ್ತದೆ. ನಾಲ್ಕನೆಯ ಹಂತದಲ್ಲಿಯೇ ದಿನವೂ ತಡೆಯಾಗುತ್ತಿದ್ದರೆ ಅದನ್ನು ಇನ್ನೂ ಒಡೆಯಬೇಕು: ಒಳ್ಳೆಯ ಎಲೆ ಮತ್ತು ಕೆಟ್ಟ ಎಲೆಯ ಮಾದರಿಯನ್ನು ಎದುರಿಗೆ ಅಂಟಿಸಬಹುದು.

ನೆರವು ಕಡಿಮೆ ಮಾಡುವುದೂ ಬೋಧನೆಯ ಭಾಗವೇ. ಶಿಕ್ಷಕಿ ಪಕ್ಕದಲ್ಲಿ ಕೂತಿದ್ದರೆ ಮಾತ್ರ ಮಾಡುವ ಕೆಲಸ ಇನ್ನೂ ಕಲಿತ ಕೆಲಸವಲ್ಲ. ಕೆಲಸದ ಸ್ಥಳದಲ್ಲಿ ಈ ಜಾಗವನ್ನು ಅಲ್ಲಿಯ ಹಿರಿಯ ಕೆಲಸಗಾರರೊಬ್ಬರು ತುಂಬುವಂತೆ ಮೊದಲೇ ಮಾತಾಡಿಕೊಳ್ಳಬೇಕು.

ಪಾಲಕರು ಮತ್ತು ಮಾಲೀಕರೊಂದಿಗೆ

ಪಾಲಕರ ಆತಂಕಗಳು ನಿಜವಾದವು. ಮಗಳು ಒಬ್ಬಳೇ ಬಸ್ಸಿನಲ್ಲಿ ಹೋದಾಳೇ? ದುಡಿದರೆ ಮಾಸಾಶನ ನಿಂತೀತೇ? ಇಂತಹ ಪ್ರಶ್ನೆಗಳಿಗೆ ಊಹೆಯ ಉತ್ತರ ಕೊಡಬಾರದು. ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಹಾಗೂ ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೊಂದಿಗೆ ಪಾಲಕರನ್ನು ಕೂರಿಸಿ ಮಾತಾಡಿಸಬೇಕು. ವಿಶಿಷ್ಟ ಗುರುತಿನ ಚೀಟಿ ಇದೆಯೇ ಎಂದು ನೋಡಬೇಕು.

ಮಾಲೀಕರ ಬಳಿ ಕನಿಕರ ಬೇಡಬಾರದು. "ಪಾಪ, ಇಟ್ಟುಕೊಳ್ರಿ" ಎಂದು ಸಿಕ್ಕ ಕೆಲಸಕ್ಕೆ ಸಿಗುವುದು ಚಹಾದ ದುಡ್ಡು ಮಾತ್ರ. "ಇಂತಹ ಕೆಲಸ ಬರುತ್ತದೆ, ಒಂದು ವಾರ ನೋಡಿ, ಉಳಿದವರಿಗೆ ಕೊಡುವ ಕೂಲಿಯನ್ನೇ ಕೊಡಿ" ಎಂದು ಹೇಳಲು ನಮ್ಮ ತಖ್ತೆಯೇ ಆಧಾರ.

ಉಪಸಂಹಾರ

ಆ ತಾಯಿಯ ಪ್ರಶ್ನೆಗೆ ಅಂದು ನಾನು ಉತ್ತರಿಸಲಿಲ್ಲ. ಆಕೆ ಕೇಳಬೇಕಾದದ್ದು ಹತ್ತನೆಯ ತರಗತಿಯ ಕೊನೆಯ ವಾರದಲ್ಲಲ್ಲ. ನಾವೇ ಎಂಟನೆಯ ತರಗತಿಯಲ್ಲಿ ಅದನ್ನು ಕೇಳಿಕೊಂಡಿರಬೇಕಿತ್ತು. ಮೂರು ವರ್ಷಗಳಲ್ಲಿ ಒಂದು ಮಗುವಿಗೆ ಮೂರು ಕೆಲಸಗಳ ಪರಿಚಯವಾದರೂ ಆಗುತ್ತಿತ್ತು.

ಪ್ರಶಿಕ್ಷಣಾರ್ಥಿಗಳಿಗೆ ಅಭ್ಯಾಸ

1. ನಿಮ್ಮ ಊರಿನ ಒಂದು ಕೆಲಸವನ್ನು ಅರ್ಧ ದಿನ ಸ್ವತಃ ಮಾಡಿ, ಆಮೇಲೆ ಹಂತಗಳಾಗಿ ಒಡೆಯಿರಿ.
2. ಆ ಹಂತಗಳನ್ನು ಸಹಪಾಠಿಗೆ ಓದಿಹೇಳಿ. ಅವರು ಬರೆದಷ್ಟನ್ನೇ ಮಾಡಲಿ. ಎಲ್ಲಿ ತಡವರಿಸಿದರೋ ಅಲ್ಲಿ ನೀವು ಯಾವ ಹಂತ ಬಿಟ್ಟಿದ್ದೀರಿ?
3. ನಿಮ್ಮ ಪಾಠ ಯೋಜನೆಯಲ್ಲಿ "ಸಾಧಿಸಲಿಲ್ಲ" ಎಂದು ಬರೆದ ಒಂದು ಕಡೆ ಗುರುತಿಸಿ, ಆ ಪಾಠವನ್ನು ಬೇರೆ ದಾರಿಯಲ್ಲಿ ಮತ್ತೆ ಬರೆಯಿರಿ.